ಗಡಿಯಾರ ಬೇಡ, ಹದ ತೋರಿಸಿ: ಅಡುಗೆ ಬಾರದವರಿಗೆ ಒಂದು ಅಡುಗೆ ಆ್ಯಪ್ ಕಟ್ಟುವ ಬಗೆ

ಅಕ್ಕನ ಮಗ ಮೈಸೂರಿನ ಹೆಬ್ಬಾಳದಲ್ಲಿ ಪಿಜಿಯಲ್ಲಿದ್ದ. ಅಲ್ಲಿಯ ಊಟ ಸಾಕಾಗಿ ಇಬ್ಬರು ಗೆಳೆಯರ ಜೊತೆ ಪುಟ್ಟ ಮನೆ ಮಾಡಿದ. ಗ್ಯಾಸ್ ಬಂತು, ಕುಕ್ಕರ್ ಬಂತು, ಫೋನಿಗೆ ಒಂದು ಅಡುಗೆ ಆ್ಯಪ್ಪೂ ಬಂತು. ಮೊದಲ ಭಾನುವಾರವೇ ಮುದ್ದೆಗೆ ಕೈ ಹಾಕಿದ. ಆ್ಯಪ್ ಹೇಳಿದ್ದು ಮೂರೇ ಮಾತು: ನೀರು ಕುದಿಸಿ, ರಾಗಿ ಹಿಟ್ಟು ಹಾಕಿ, 5 ನಿಮಿಷ ಬೇಯಿಸಿ ತಿರುಗಿಸಿ. ಅವನು ಹಾಗೇ ಮಾಡಿದ. ನಡುವೆ ಫೋನಿನ ಸ್ಕ್ರೀನ್ ಆಫ್ ಆಯಿತು. ಎರಡೂ ಕೈ ಹಿಟ್ಟು, ಮುಟ್ಟುವ ಹಾಗಿಲ್ಲ. ಕೊನೆಗೆ ಸಿಕ್ಕಿದ್ದು ಹೊರಗೆ ಅಂಟು, ಒಳಗೆ ಒಣ ಹಿಟ್ಟಿನ ಗಂಟು.

ಮದ್ದೂರಿನ ಹತ್ತಿರ ನಮ್ಮ ಸೋದರತ್ತೆ ಇದ್ದಾರೆ. ಮುಂದಿನ ವಾರ ಊರಿಗೆ ಹೋದಾಗ ಈ ಕಥೆ ಕೇಳಿ ನಕ್ಕರು. “ಗಡಿಯಾರ ನೋಡ್ಕಂಡು ಹಿಟ್ಟು ತೊಳಸ್ತಾರೇನ್ಲಾ? ಹದ ಬಂದ್ರೆ ಕೈಗೇ ಗೊತ್ತಾಯ್ತದೆ” ಅಂದರು. ಹುಡುಗ ಸುಮ್ಮನಿರಲಿಲ್ಲ. “ನಿಮ್ಮ ಕೈಗೆ ಗೊತ್ತಾಗುತ್ತೆ ಅಜ್ಜಿ, ನನ್ನ ಕೈಗೆ ಯಾರು ಹೇಳ್ತಾರೆ?” ಅಂದ.

ನಾನು ಆ್ಯಪ್‌ಗಳ ವಿನ್ಯಾಸ ಮಾಡಿ ಹೊಟ್ಟೆ ಹೊರೆಯುವವನು. ಅವನು ಕೇಳಿದ್ದು ನನ್ನನ್ನೇ ಅನ್ನಿಸಿತು. ಅಡುಗೆ ಆ್ಯಪ್‌ಗಳು ಪದಾರ್ಥ ಹೇಳುತ್ತವೆ, ಸಮಯ ಹೇಳುತ್ತವೆ. ಹದ ಹೇಳುವುದಿಲ್ಲ. ಹೊಸಬರು ಎಡವುವುದು ಅಲ್ಲೇ. ಆಮೇಲೆ ನಾವಿಬ್ಬರೂ ಅತ್ತೆಯವರ ಅಡುಗೆಮನೆಯನ್ನೇ ಪಾಠಶಾಲೆ ಮಾಡಿಕೊಂಡು ಒಂದು ಮಾದರಿ ಆ್ಯಪ್ ಕಟ್ಟಿದೆವು. ಅದರಲ್ಲಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಕೋಡ್ ಬರೆಯಲು ಬರದವರೂ ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡಬಹುದು. ಏಕೆಂದರೆ ಆ ಅರ್ಧ ಇರುವುದು ಒಲೆಯ ಮುಂದೆ.

ಶುರು ಮಾಡುವ ಮೊದಲು: “ನೀವು ಯಾವ ಥರ ಕಲಿಯುವವರು?” ಅಂತ ಕೇಳಬೇಡಿ

ಕಲಿಕೆಯ ಆ್ಯಪ್ ಅಂದ ಕೂಡಲೇ ಎಲ್ಲರೂ ಹಿಡಿಯುವ ದಾರಿ ಒಂದಿದೆ. ಮೊದಲ ಪುಟದಲ್ಲೇ ಒಂದು ಪ್ರಶ್ನಾವಳಿ: ನೀವು ನೋಡಿ ಕಲಿಯುವವರಾ, ಕೇಳಿ ಕಲಿಯುವವರಾ, ಓದಿ ಕಲಿಯುವವರಾ, ಮಾಡಿ ಕಲಿಯುವವರಾ? ಉತ್ತರ ಬಂದ ಮೇಲೆ ಒಬ್ಬರಿಗೆ ಬರೀ ವಿಡಿಯೊ, ಇನ್ನೊಬ್ಬರಿಗೆ ಬರೀ ಅಕ್ಷರ. ಈ ನಾಲ್ಕು ವಿಂಗಡಣೆ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರದು. 1992ರಲ್ಲಿ ಕಾಲೀನ್ ಮಿಲ್ಸ್ ಜೊತೆ ಅವರು ಬರೆದ ಲೇಖನದಿಂದ ಇದು ‘ವಾರ್ಕ್’ (ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ) ಎಂಬ ಹೆಸರಲ್ಲಿ ಎಲ್ಲೆಡೆ ಹರಡಿತು. ಆದರೆ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಕಲಿಯುವವರ ‘ಶೈಲಿ’ಗೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಅನ್ನುವುದಕ್ಕೆ ಗಟ್ಟಿ ಪುರಾವೆ ಅವರಿಗೆ ಸಿಗಲಿಲ್ಲ.

ಹಾಗಂತ ಎಲ್ಲರೂ ಒಂದೇ ಅಂತಲೂ ಅಲ್ಲ. ನನ್ನ ಹೆಂಡತಿಗೆ ಪೂರ್ತಿ ರೆಸಿಪಿ ಮೊದಲೇ ಓದದಿದ್ದರೆ ಸಮಾಧಾನ ಇಲ್ಲ. ಅಕ್ಕನ ಮಗ ಓದುವುದೇ ಇಲ್ಲ, ವಿಡಿಯೊ ಓಡಿಸಿಬಿಡುತ್ತಾನೆ. ಇಷ್ಟ ಬೇರೆ ಬೇರೆ, ಅದಕ್ಕೆ ಜಾಗ ಕೊಡಬೇಕು. ಆದರೆ ಕಲಿಕೆಯ ದಾರಿಯನ್ನು ನಿಜವಾಗಿ ತೀರ್ಮಾನಿಸುವುದು ಮನುಷ್ಯನಲ್ಲ, ಅಡುಗೆಯ ಆ ಕ್ಷಣ. ಸಾಸಿವೆ ಸಿಡಿಯುವುದನ್ನು ಕೇಳಬೇಕು. ಪಾಕದ ಎಳೆ ನೋಡಬೇಕು. ಮುದ್ದೆ ಮುಟ್ಟಬೇಕು. ಸಾರಿನ ಪುಡಿಗೆ ಹುರಿಯುವ ಧನಿಯ ಮೂಸಬೇಕು. “ನಾನು ಓದಿ ಕಲಿಯುವವಳು” ಅಂದವರಿಗೂ ಸಾಸಿವೆ ಸದ್ದನ್ನು ಕೇಳಿಸಲೇಬೇಕು. ಈ ಮಾರ್ಗದರ್ಶಿಯ ಉಳಿದದ್ದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಹೆಜ್ಜೆ 1: ಮೂವರನ್ನು ಆರಿಸಿಕೊಳ್ಳಿ

‘ಎಲ್ಲರಿಗೂ’ ಅಂತ ಕಟ್ಟಿದರೆ ಯಾರಿಗೂ ಆಗುವುದಿಲ್ಲ. ನಿಮಗೆ ಗೊತ್ತಿರುವ ಮೂವರು ಹೊಸಬರನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ನಮ್ಮ ಮೂವರು ಇವರು: ಕೆಲಸಕ್ಕೆ ಹೊಸದಾಗಿ ಸೇರಿದ ಅಕ್ಕನ ಮಗ, ಹೆಂಡತಿ ಮಗಳ ಬಾಣಂತನಕ್ಕೆ ಹೋದಾಗ ಒಬ್ಬರೇ ಉಳಿದ, ಕುವೆಂಪುನಗರದ ನಿವೃತ್ತ ಮೇಷ್ಟ್ರು, ಮತ್ತು ಮಾನಸಗಂಗೋತ್ರಿಯಲ್ಲಿ ಓದಲು ಕಲಬುರಗಿಯಿಂದ ಬಂದ ಒಬ್ಬ ಹುಡುಗಿ. ಹುಡುಗನಿಗೆ ಆತುರ. ಮೇಷ್ಟ್ರಿಗೆ ಕನ್ನಡಕ, ಜೊತೆಗೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಅಭ್ಯಾಸ. ಹುಡುಗಿಗೆ ರೊಟ್ಟಿ ಬಡಿಯಲು ಬರುತ್ತದೆ, ಆದರೆ ಬಸ್ಸಾರು ಅಂದರೆ ಏನು ಅಂತಲೇ ಗೊತ್ತಿಲ್ಲ. ಯಾವುದೇ ಜಗಳ ಬಂದರೂ “ಇದು ಮೇಷ್ಟ್ರಿಗೆ ಆಗುತ್ತಾ?” ಅಂತ ಕೇಳಿದರೆ ಅಲ್ಲಿಗೆ ಜಗಳ ಮುಗಿಯಿತು.

ಹೆಜ್ಜೆ 2: ಹದದ ಗುರುತುಗಳನ್ನು ಹಿಡಿಯಿರಿ

ಇಡೀ ಕೆಲಸದ ತಿರುಳು ಇದು. ಕಂಪ್ಯೂಟರ್ ಮುಚ್ಚಿ. ಚೆನ್ನಾಗಿ ಅಡುಗೆ ಮಾಡುವ ಒಬ್ಬರ ಪಕ್ಕ ನಿಲ್ಲಿ. ಅವರು ಉರಿ ಬದಲಿಸಿದಾಗ, ಏನಾದರೂ ಹಾಕಿದಾಗ, ಮುಚ್ಚಳ ತೆಗೆದಾಗ ಒಂದೇ ಪ್ರಶ್ನೆ ಕೇಳಿ: “ಈಗಲೇ ಯಾಕೆ?”

“ಗೊತ್ತಾಗುತ್ತೆ” ಅಂತ ಉತ್ತರ ಬರುತ್ತದೆ. ಬಿಡಬೇಡಿ. ಹೇಗೆ ಗೊತ್ತಾಯಿತು? ಕಂಡಿತಾ, ಕೇಳಿಸಿತಾ, ವಾಸನೆ ಬಂತಾ, ಕೈಗೆ ತಾಗಿತಾ? ಅತ್ತೆ ಮೊದಲು ರೇಗಿದರು. ಆಮೇಲೆ ಅವರಿಗೇ ಮಜಾ ಬಂತು. “ಅಯ್ಯೋ, ನಾನು ಸಾಸಿವೆ ಕಡೆ ನೋಡೋದೇ ಇಲ್ವಲ್ಲ, ಬೆನ್ನು ಮಾಡ್ಕಂಡು ಈರುಳ್ಳಿ ಹೆಚ್ತಾ ಇರ್ತೀನಿ” ಅಂತ ತಾವೇ ಕಂಡುಕೊಂಡರು. ಅಂದರೆ ಆ ಹೆಜ್ಜೆ ಪೂರ್ತಿ ಕಿವಿಯದು.

ಹೀಗೆ ಹಿಡಿದ ಗುರುತುಗಳನ್ನು ಇಂದ್ರಿಯದ ಪ್ರಕಾರ ಬರೆದುಕೊಳ್ಳಿ.

ಕಿವಿ: ಸಾಸಿವೆ ಒಂದೊಂದಾಗಿ ಸಿಡಿದು, ಆಮೇಲೆ ಚಟಪಟ ಜೋರಾಗಿ, ಮತ್ತೆ ನಿಧಾನವಾಗುತ್ತದೆ. ನಿಧಾನವಾದಾಗ ಕರಿಬೇವು. ಈ ಮೂರೂ ಹಂತವನ್ನು ಒಂದೇ ಧ್ವನಿ ತುಣುಕಿನಲ್ಲಿ ರೆಕಾರ್ಡ್ ಮಾಡಿ. ಎಸರು (ಅಡುಗೆಗೆ ಕುದಿಯುವ ನೀರು) ಬರುವ ಮುಂಚಿನ ಸಣ್ಣ ಗುಂಯ್ ಸದ್ದು ಬೇರೆ, ಎಸರು ಕುದಿಯುವ ಸದ್ದು ಬೇರೆ. ಎರಡನ್ನೂ ರೆಕಾರ್ಡ್ ಮಾಡಿ. ಅಂದಹಾಗೆ ‘ಎಸರು’ ಅನ್ನುವ ಪದ ಅಕ್ಕನ ಮಗನಿಗೆ ಗೊತ್ತೇ ಇರಲಿಲ್ಲ. ಆ್ಯಪ್‌ನಲ್ಲಿ ಪದ ಮತ್ತು ಸದ್ದು ಒಟ್ಟಿಗೇ ಬಂದಿದ್ದರಿಂದ ಈಗ ಅವನ ಬಾಯಲ್ಲೂ ಅದೇ ಪದ.

ಕಣ್ಣು: ಈರುಳ್ಳಿ ಬಿಳಿಯಿಂದ ಗಾಜಿನ ಹಾಗೆ, ಆಮೇಲೆ ಅಂಚು ಕೆಂಪಗೆ. ‘ಕೆಂಪಗಾಗುವವರೆಗೆ’ ಅಂದರೆ ಎಷ್ಟು ಕೆಂಪು? ಪದದಿಂದ ಆಗುವುದಿಲ್ಲ. ಮೂರು ಫೋಟೊ ಸಾಲಾಗಿ ಇಡಿ: ಇನ್ನೂ ಆಗಿಲ್ಲ, ಆಯಿತು, ಜಾಸ್ತಿಯಾಯಿತು. ನಡುವಿನದಷ್ಟೇ ತೋರಿಸಿದರೆ ಹೊಸಬರಿಗೆ ಎಲ್ಲೆ ಗೊತ್ತಾಗುವುದಿಲ್ಲ. ಕೆಟ್ಟದ್ದನ್ನೂ ತೋರಿಸಬೇಕು. ಮೂರನ್ನೂ ಒಂದೇ ಬಾಣಲೆಯಲ್ಲಿ, ಒಂದೇ ಬೆಳಕಿನಲ್ಲಿ ತೆಗೆಯಿರಿ. ಇಲ್ಲದಿದ್ದರೆ ಅವರು ಈರುಳ್ಳಿ ಬಿಟ್ಟು ಬಲ್ಬಿನ ಬಣ್ಣ ಹೋಲಿಸುತ್ತಾರೆ.

ಕೈ: ಬೆಂದ ತೊಗರಿ ಬೇಳೆ ಎರಡು ಬೆರಳ ನಡುವೆ ಒತ್ತಿದರೆ ನುಣ್ಣಗೆ ಕರಗಬೇಕು, ನಡುವೆ ಗಟ್ಟಿ ಸಿಗಬಾರದು. ಮುದ್ದೆಯನ್ನು ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು.

ಮೂಗು: ಇಲ್ಲಿ ಎಲ್ಲ ಆ್ಯಪ್‌ಗಳೂ ಕೈಚೆಲ್ಲುತ್ತವೆ. ಫೋನಿನಿಂದ ವಾಸನೆ ಬರುವುದಿಲ್ಲವಲ್ಲ. “ಹಸಿ ವಾಸನೆ ಹೋಗುವವರೆಗೆ ಹುರಿಯಿರಿ” ಅಂತ ಬರೆದು ಮುಂದೆ ಹೋಗುತ್ತಾರೆ. ಹಸಿ ವಾಸನೆ ಯಾವುದು ಅಂತಲೇ ಗೊತ್ತಿಲ್ಲದವನಿಗೆ ಅದು ಹೋಗಿದ್ದು ಹೇಗೆ ತಿಳಿಯಬೇಕು? ಇದಕ್ಕೆ ನಾವು ಕಂಡುಕೊಂಡ ಉಪಾಯ ಬಲು ಸರಳ. ಒಂದು ಹೆಜ್ಜೆ ಮೊದಲೇ ಆ್ಯಪ್ ಹೇಳುತ್ತದೆ: “ಮಸಾಲೆ ರುಬ್ಬಿದಿರಾ? ಈಗ ಒಮ್ಮೆ ಮೂಸಿ ನೋಡಿ. ಇದೇ ಹಸಿ ವಾಸನೆ. ನೆನಪಿಟ್ಟುಕೊಳ್ಳಿ.” ಆಮೇಲೆ ಕುದಿಯುವಾಗ: “ಈಗ ಮತ್ತೆ ಮೂಸಿ. ಆಗಿನ ವಾಸನೆ ಇನ್ನೂ ಇದೆಯಾ?” ವಾಸನೆ ಅವರ ಅಡುಗೆಮನೆಯಲ್ಲೇ ಇದೆ. ಆ್ಯಪ್ ಮಾಡಬೇಕಾದದ್ದು ಗಮನ ಸೆಳೆಯುವ ಕೆಲಸ ಮಾತ್ರ. ಇದೇ ಉಪಾಯ ಕೈಗೂ ಆಗುತ್ತದೆ: ಬೇಳೆ ಕುಕ್ಕರಿಗೆ ಹಾಕುವ ಮುಂಚೆ ನೆನೆದ ಬೇಳೆಯನ್ನು ಒಮ್ಮೆ ಹಿಸುಕಿ ನೋಡಲು ಹೇಳಿ.

ಒಂದು ಎಚ್ಚರಿಕೆ. ಯಾವ ಗುರುತೂ ಒಂದೇ ಇಂದ್ರಿಯದ ಮೇಲೆ ನಿಲ್ಲಬಾರದು. ಕಿವಿ ಕೇಳದವರಿಗೆ ಸಾಸಿವೆಯ ಸದ್ದು ಏನು ಪ್ರಯೋಜನ? ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇರುವ ಮೈಸೂರಿನಲ್ಲಿ ಕೂತು ನಾವು ಇದನ್ನು ಮರೆತರೆ ನಾಚಿಕೆಗೇಡು. ಅವರಿಗೆ ಸಾಸಿವೆ ಎಗರುವುದು, ಬಣ್ಣ ಕಪ್ಪಿನಿಂದ ಬೂದಿಗೆ ತಿರುಗುವುದು ಕಾಣುವ ಹಾಗೆ ಚಿತ್ರ ಕೊಡಿ. ಕೆಂಪು-ಹಸಿರು ಬೇರೆಯಾಗಿ ಕಾಣದವರಿಗೆ ‘ಕೆಂಪಗೆ’ ಜೊತೆ ‘ಮೆತ್ತಗೆ, ಅಂಚು ಮುದುಡಿ’ ಅಂತ ಸೇರಿಸಿ. ಮುಖ್ಯ ಗುರುತು ಒಂದು, ಆಸರೆಗೆ ಇನ್ನೊಂದು. ಅಷ್ಟು ಸಾಕು.

ಹೆಜ್ಜೆ 3: ರೆಸಿಪಿಯನ್ನು ಒಡೆಯಿರಿ

ಒಂದು ಹೆಜ್ಜೆಗೆ ಒಂದೇ ಕ್ರಿಯೆ. “ಎಣ್ಣೆ ಕಾಯಿಸಿ ಸಾಸಿವೆ ಹಾಕಿ ಸಿಡಿದ ಮೇಲೆ ಈರುಳ್ಳಿ ಹಾಕಿ ಬಾಡಿಸಿ” ಅನ್ನುವುದು ನಾಲ್ಕು ಹೆಜ್ಜೆ. 1988ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ ಮಂಡಿಸಿದ ‘ಕಾಗ್ನಿಟಿವ್ ಲೋಡ್’ ಸಿದ್ಧಾಂತ ಹೇಳುವುದು ಇದನ್ನೇ: ಹೊಸಬರ ತಲೆ ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದು ಸ್ವಲ್ಪ ಮಾತ್ರ. ಎಣ್ಣೆ ಹೊಗೆಯಾಡುತ್ತಿರುವಾಗ ಅದು ಇನ್ನೂ ಕಡಿಮೆ ಅಲ್ವಾ?

ಪ್ರತಿ ಹೆಜ್ಜೆಗೂ ಒಂದು ಚೀಟಿ ಮಾಡಿ. ಅದರಲ್ಲಿ ಇವು ಇರಲಿ: ಏನು ಮಾಡಬೇಕು, ಯಾವುದರಲ್ಲಿ, ಉರಿ ಎಷ್ಟು, ಸುಮಾರು ಎಷ್ಟು ಹೊತ್ತು, ಹದದ ಗುರುತು, ತಪ್ಪಿದರೆ ಏನು ಮಾಡಬೇಕು. ಸಮಯ ಬೇಕು, ಆದರೆ ಅದು ಅಂದಾಜು. ಹದಕ್ಕಿಂತ ಚಿಕ್ಕ ಅಕ್ಷರದಲ್ಲಿರಲಿ. ಮುದ್ದೆಯ ಚೀಟಿಗಳು ನಮ್ಮಲ್ಲಿ ಹೀಗೆ ಬಂದವು.

ಮೊದಲ ಚೀಟಿ: ಎರಡು ಲೋಟ ನೀರು, ಚಿಟಿಕೆ ಉಪ್ಪು, ಒಂದು ಚಮಚ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಸೇರಿಸಿ, ಜೋರು ಉರಿ. ಎರಡನೆಯದು: ಎಸರು ನೊರೆ ಕಟ್ಟಿ ಮೇಲೆ ಬರುವವರೆಗೆ ಕಾಯಿರಿ. ಮೂರನೆಯದು: ಒಂದು ಲೋಟ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಇಲ್ಲಿ ದೊಡ್ಡ ಅಕ್ಷರದಲ್ಲಿ: ತಿರುಗಿಸಬೇಡಿ! ಅಕ್ಕನ ಮಗ ಕೆಟ್ಟಿದ್ದು ಇಲ್ಲೇ. ನಾಲ್ಕನೆಯದು: ಸಣ್ಣ ಉರಿ, ಕೋಲಿನಿಂದ ನಡುವೆ ಒಂದು ತೂತು, ಎಸರು ಅದರಿಂದ ಬುಳುಬುಳು ಮೇಲೆ ಬರಬೇಕು. ಐದನೆಯದು: ಕೋಲು ಹಿಡಿದು ಪಾತ್ರೆಯ ಗೋಡೆಗೆ ಒತ್ತಿ ತೊಳಸಿ. ಗಂಟು ಕಂಡರೆ ಅಲ್ಲೇ ಒಡೆಯಿರಿ. ಆರನೆಯದು: ಮುಚ್ಚಿ, ಎರಡು ಮೂರು ನಿಮಿಷ ಹಬೆಯಲ್ಲಿ ಬಿಡಿ. ಕೊನೆಯದು: ಒದ್ದೆ ಬೆರಳಿನ ಪರೀಕ್ಷೆ, ಆಮೇಲೆ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟುವುದು.

‘ತಪ್ಪಿದರೆ’ ಅನ್ನುವ ಜಾಗವನ್ನು ಯಾವತ್ತೂ ಖಾಲಿ ಬಿಡಬೇಡಿ. ಮುದ್ದೆ ಬೆರಳಿಗೆ ಅಂಟಿದರೆ ಇನ್ನೆರಡು ನಿಮಿಷ ಹಬೆ. ಸಾರಿಗೆ ಉಪ್ಪು ಜಾಸ್ತಿಯಾದರೆ ಉಪ್ಪಿಲ್ಲದ ಬೇಳೆಯೋ ನೀರೋ ಸೇರಿಸಿ ಮತ್ತೆ ಕುದಿಸುವುದು. ಒಗ್ಗರಣೆ ಸೀದರೆ ಏನೂ ಮಾಡಲಾಗುವುದಿಲ್ಲ, ಚೆಲ್ಲಿ ಮತ್ತೆ ಹಾಕಿ. ಇದನ್ನೂ ಮುಚ್ಚುಮರೆ ಇಲ್ಲದೆ ಬರೆಯಬೇಕು. ಒಂದು ಚಮಚ ಎಣ್ಣೆ ಉಳಿಸಲು ಹೋಗಿ ಇಡೀ ಸಾರು ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಹೆಜ್ಜೆ 4: ಕ್ರಿಯಾಪದಗಳ ಪುಟ್ಟ ಕೋಶ

ಕನ್ನಡದಲ್ಲಿ ಅಡುಗೆಗೆ ಎಷ್ಟೊಂದು ಕ್ರಿಯಾಪದಗಳಿವೆ! ಹೆಚ್ಚು, ಕೊಚ್ಚು, ತುರಿ, ಜಜ್ಜು, ಅರೆ, ರುಬ್ಬು, ಕಡೆ, ಕದಡು, ಕಲಸು, ನಾದು, ತೊಳಸು, ಮಗುಚು, ಹುರಿ, ಬಾಡಿಸು, ಬಸಿ. ಪ್ರತಿಯೊಂದಕ್ಕೂ ಕೈ ಓಡುವ ರೀತಿ ಬೇರೆ. ಹಾಗಿದ್ದೂ ಬಹಳಷ್ಟು ಆ್ಯಪ್‌ಗಳಲ್ಲಿ ಎಲ್ಲದಕ್ಕೂ ‘ಮಿಕ್ಸ್ ಮಾಡಿ’, ‘ಫ್ರೈ ಮಾಡಿ’. ಸುಮಾರು 30 ಪದಗಳನ್ನು ಆರಿಸಿ, ಪ್ರತಿಯೊಂದಕ್ಕೂ ನಾಲ್ಕೈದು ಸೆಕೆಂಡಿನ, ಸದ್ದಿಲ್ಲದ, ತಿರುಗಿ ತಿರುಗಿ ಓಡುವ ವಿಡಿಯೊ ಮಾಡಿ. ಕೈ ಮಾತ್ರ ಕಾಣಲಿ, ಮುಖ ಬೇಡ. ಕ್ಯಾಮೆರಾ ಎದುರಿನಿಂದ ಬೇಡ, ಅಡುಗೆ ಮಾಡುವವರ ಹೆಗಲ ಮೇಲಿಂದ ಇರಲಿ. ಆಗ ಪರದೆಯ ಬಲಗೈ ನೋಡುವವರ ಬಲಗೈಯೇ ಆಗುತ್ತದೆ. ರೆಸಿಪಿಯಲ್ಲಿ ಆ ಪದ ಎಲ್ಲಿ ಬಂದರೂ ಮುಟ್ಟಿದರೆ ವಿಡಿಯೊ ಬರಲಿ. ಒಮ್ಮೆ ಮಾಡಿದ 30 ತುಣುಕು ನೂರಾರು ರೆಸಿಪಿಗೆ ಆಗುತ್ತದೆ. ಪ್ರತಿ ರೆಸಿಪಿಗೆ ಹತ್ತು ನಿಮಿಷದ ವಿಡಿಯೊ ಮಾಡುವ ಖರ್ಚೂ ಉಳಿಯಿತು.

‘ಬಸಿ’ ಪದದ ಕಥೆ ಹೇಳಲೇಬೇಕು. ಕಲಬುರಗಿಯ ಹುಡುಗಿ ನಮ್ಮ ಮೊದಲ ಮಾದರಿ ನೋಡಿ ಬಸ್ಸಾರು ಮಾಡಿದಳು. ಚೀಟಿಯಲ್ಲಿ “ಕಾಳು, ಸೊಪ್ಪು ಬೆಂದ ಮೇಲೆ ನೀರು ಬಸಿಯಿರಿ” ಅಂತಿತ್ತು. ಬಸಿದಳು. ಸಿಂಕಿಗೆ! ಬಸ್ಸಾರು ಅಂದರೇ ಬಸಿದ ಸಾರು. ಆ ಕಟ್ಟು ಹೋದ ಮೇಲೆ ಸಾರೇ ಇಲ್ಲ, ಪಲ್ಯ ಮಾತ್ರ. ತಪ್ಪು ಅವಳದಲ್ಲ, ನಮ್ಮದು. ಈಗ ಚೀಟಿ ಹೀಗಿದೆ: “ಕೆಳಗೆ ಪಾತ್ರೆ ಇಡಿ. ನೀರನ್ನು ಅದಕ್ಕೆ ಬಸಿಯಿರಿ. ಇದು ಕಟ್ಟು, ಇದೇ ಸಾರಾಗುತ್ತದೆ.” ಮಂಡ್ಯದ ಕಡೆಯ ಹೆಸರುಗಳೇ ಅರ್ಧ ಪಾಠ ಹೇಳುತ್ತವೆ. ಮಸ್ಸೊಪ್ಪು ಅಂದರೆ ಮಸೆದ ಸೊಪ್ಪು. ಪ್ರತಿ ಅಡುಗೆಯ ಮೊದಲ ಪುಟದಲ್ಲಿ ಹೆಸರಿನ ಅರ್ಥ ಒಂದು ಸಾಲು ಇರಲಿ.

ಹಾಗೆಯೇ ಪದಾರ್ಥಗಳ ಹೆಸರು. ಈರುಳ್ಳಿ ಅಂತ ಬರೆಯಿರಿ, ಆದರೆ ಉಳ್ಳಾಗಡ್ಡಿ ಅಂತ ಹುಡುಕಿದವರಿಗೂ ಸಿಗಬೇಕು. ಹುರಿಗಡಲೆ, ಪಪ್ಪು ಎರಡೂ ಒಂದೇ. ಧನಿಯ ಬೇರೆ, ಕೊತ್ತಂಬರಿ ಸೊಪ್ಪು ಬೇರೆ. ಬರೀ ‘ಕೊತ್ತಂಬರಿ’ ಅಂತ ಬರೆದು ಗೊಂದಲ ಮಾಡಬೇಡಿ. ದೇವರಾಜ ಮಾರುಕಟ್ಟೆಗೆ ಒಮ್ಮೆ ಹೋಗಿ, ಅಂಗಡಿಯವರು ಯಾವುದನ್ನು ಏನಂತ ಕೂಗುತ್ತಾರೆ ಅಂತ ಬರೆದುಕೊಂಡು ಬನ್ನಿ. ಸೊಪ್ಪುಗಳ ಫೋಟೊ ಅಲ್ಲೇ ತೆಗೆಯಿರಿ. ದಂಟು ಯಾವುದು, ಕೀರೆ ಯಾವುದು ಅನ್ನುವುದು ಹೊಸಬರಿಗೆ ಒಲೆ ಹಚ್ಚುವುದಕ್ಕಿಂತ ಕಷ್ಟ.

ಹೆಜ್ಜೆ 5: ಅಳತೆಗೆ ‘ನಮ್ಮನೆ ಲೋಟ’

ಅಮ್ಮಂದಿರ ಅಳತೆ ಪಾವು, ಅಚ್ಚೇರು, ಕೈಯಂದಾಜು. ಇಂಗ್ಲಿಷ್ ರೆಸಿಪಿಗಳದು ಕಪ್. ಪಿಜಿ ಹುಡುಗರ ಹತ್ತಿರ ಇರುವುದು ಒಂದೇ ಸ್ಟೀಲ್ ಲೋಟ. ಅದನ್ನೇ ಅಳತೆ ಮಾಡಿಬಿಡಿ. ಮೊದಲ ಸಲ ಆ್ಯಪ್ ತೆರೆದಾಗ ಕೇಳಿ: “ಒಂದು ಲೀಟರ್ ನೀರಿನ ಬಾಟಲಿಯಿಂದ ನಿಮ್ಮ ಲೋಟ ಎಷ್ಟು ಸಲ ತುಂಬುತ್ತದೆ?” ನಾಲ್ಕು ಅಂದರೆ 250 ಮಿಲಿ, ಐದು ಅಂದರೆ 200 ಮಿಲಿ. ಅಲ್ಲಿಂದ ಮುಂದೆ ಎಲ್ಲ ರೆಸಿಪಿಯೂ ಅವರ ಲೋಟದ ಲೆಕ್ಕದಲ್ಲೇ ಬರಲಿ. ಚಮಚಕ್ಕೂ ಇಷ್ಟೇ: ಅಳತೆಯ ಟೀ ಚಮಚ 5 ಮಿಲಿ, ಟೇಬಲ್ ಚಮಚ 15 ಮಿಲಿ. ಮನೆಯ ಚಮಚದ ಫೋಟೊ ಪಕ್ಕದಲ್ಲಿಟ್ಟು ತೋರಿಸಿ. ‘ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು’ ತೆಗೆದುಹಾಕಬೇಡಿ, ಅದು ಒಳ್ಳೆಯ ಅಳತೆ. ಅಂಗೈಯಲ್ಲಿಟ್ಟ ಫೋಟೊ ಸೇರಿಸಿದರೆ ಸಾಕು.

ಉಪ್ಪಿಗೆ ಮಾತ್ರ ‘ರುಚಿಗೆ ತಕ್ಕಷ್ಟು’ ಅನ್ನಬೇಡಿ. ಹೊಸಬರಿಗೆ ಆ ಪದದಷ್ಟು ಸಿಟ್ಟು ಬರಿಸುವುದು ಬೇರೆ ಇಲ್ಲ. ಒಂದು ಅಂಕಿ ಕೊಡಿ, ಅದರಲ್ಲಿ ಮುಕ್ಕಾಲು ಭಾಗ ಮೊದಲು, ಉಳಿದದ್ದು ರುಚಿ ನೋಡಿ ಆಮೇಲೆ.

ಹೆಜ್ಜೆ 6: ಒದ್ದೆ ಕೈಗೆ ಒಗ್ಗುವ ಪರದೆ

ಅಡುಗೆ ಮಾಡುವವರು ಫೋನನ್ನು ಕೈಯಲ್ಲಿ ಹಿಡಿದಿರುವುದಿಲ್ಲ. ಅದು ಡಬ್ಬಕ್ಕೆ ಒರಗಿಕೊಂಡು ಮೂರಡಿ ದೂರದಲ್ಲಿದೆ. ಆಂಡ್ರಾಯ್ಡ್ ವಿನ್ಯಾಸದ ನಿಯಮ ಬಟನ್‌ಗೆ ಕನಿಷ್ಠ 48 ಡಿಪಿ (ಪರದೆಯ ಅಳತೆಯ ಏಕಮಾನ), ಅಂದರೆ ಸುಮಾರು 9 ಮಿಲಿಮೀಟರ್ ಅನ್ನುತ್ತದೆ. ಅಡುಗೆಮನೆಗೆ ಅದು ಸಾಲದು. ನಾವು ಪರದೆಯ ಕೆಳಗಿನ ಮೂರನೇ ಒಂದು ಭಾಗವನ್ನು ಪೂರ್ತಿ ‘ಮುಂದೆ’ ಬಟನ್ ಮಾಡಿದೆವು. ಬೆರಳ ಗಿಣ್ಣಿನಲ್ಲಿ ತಟ್ಟಿದರೂ ಆಗಬೇಕು. ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಬೆಳಕಿನ ವ್ಯತ್ಯಾಸ (ಕಾಂಟ್ರಾಸ್ಟ್) ಕನಿಷ್ಠ 4.5:1 ಇರಲಿ. ಹಬೆ ಹಿಡಿದ ಗಾಜಿನ ಮೂಲಕ ಓದಬೇಕಲ್ಲ!

ಕನ್ನಡಕ್ಕೆ ಒಂದು ವಿಶೇಷ ಕಾಳಜಿ: ಒತ್ತಕ್ಷರ. ಇಂಗ್ಲಿಷ್‌ಗೆ ಇಟ್ಟ ಸಾಲಿನ ಅಂತರದಲ್ಲಿ ‘ಒಗ್ಗರಣೆ’ಯ ಗ ಒತ್ತು, ‘ಉಪ್ಪು’ವಿನ ಪ ಒತ್ತು ಕೆಳಗಿನ ಸಾಲಿಗೆ ತಾಗುತ್ತವೆ ಅಥವಾ ಕತ್ತರಿಸಿಹೋಗುತ್ತವೆ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟು ಇಡಿ. ನೋಟೊ ಸ್ಯಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಉಚಿತವಾಗಿ ಸಿಗುತ್ತವೆ. ಮೇಷ್ಟ್ರು ಬಾಲೂ ತಮ್ಮ ನೋಡಿ “ಮದುವೆ ಮನೆ ಬೋರ್ಡ್ ಇದ್ದ ಹಾಗಿದೆ” ಅಂದರು. ನಾವು ನೋಟೊಗೆ ಬಂದೆವು.

ಅಡುಗೆ ಶುರುವಾದ ಮೇಲೆ ಪರದೆ ಆರಬಾರದು. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಒಂದು ಸಾಲಿನ ಕೋಡ್ ಸಾಕು. ವೆಬ್ ಆ್ಯಪ್ ಆದರೆ ಸ್ಕ್ರೀನ್ ವೇಕ್ ಲಾಕ್ (ಪರದೆ ಆರದಂತೆ ತಡೆಯುವ ಬ್ರೌಸರ್ ಸೌಲಭ್ಯ) ಬಳಸಿ. ನಡುವೆ ಫೋನ್ ಬಂದು ಪುಟ ಮರೆಯಾದರೆ ಅದು ಬಿಟ್ಟುಹೋಗುತ್ತದೆ, ಮರಳಿದಾಗ ಮತ್ತೆ ಪಡೆಯಬೇಕು. ಟೈಮರ್‌ಗೆ ಹೆಸರಿರಲಿ: ‘ಬೇಳೆ’, ‘ಅನ್ನ’. ಆಂಡ್ರಾಯ್ಡ್ 12ರಿಂದ ನಿಖರವಾದ ಅಲಾರಂಗೆ, 13ರಿಂದ ನೋಟಿಫಿಕೇಶನ್‌ಗೆ ಬೇರೆ ಬೇರೆ ಅನುಮತಿ ಬೇಕು. ಅದನ್ನು ಒಲೆ ಹಚ್ಚುವ ಮುಂಚೆ ಕೇಳಿ, ಬೇಳೆ ಉಕ್ಕುವಾಗಲ್ಲ.

ಧ್ವನಿ ಆಜ್ಞೆ ಚೆನ್ನ, ಆದರೆ ಅದನ್ನೇ ನಂಬಬೇಡಿ. ಮಿಕ್ಸಿ ಓಡುವಾಗ ಯಾವ ಫೋನಿಗೂ ಏನೂ ಕೇಳಿಸುವುದಿಲ್ಲ. ಬಳಸುವುದಾದರೆ ಜನ ನಿಜವಾಗಿ ಆಡುವ ಮಾತು ಇರಲಿ: “ಮುಂದೆ”, “ಆಯ್ತು”, “ಇನ್ನೊಂದ್ಸಲ”, “ಇರು”. ‘ಮುಂದಿನ ಹಂತಕ್ಕೆ ತೆರಳಿ’ ಅಂತ ಯಾರೂ ಒಲೆ ಮುಂದೆ ನಿಂತು ಹೇಳುವುದಿಲ್ಲ. ಕುಕ್ಕರಿನ ಕೂಗನ್ನು ಮೈಕಿನಿಂದ ಎಣಿಸಲು ನಾವು ವಾರಗಟ್ಟಲೆ ಒದ್ದಾಡಿದೆವು. ಪಕ್ಕದ ಮನೆ ಕುಕ್ಕರನ್ನೂ ಅದು ಎಣಿಸಿತು! ಕೊನೆಗೆ ‘ಕೂಗಿತು’ ಅಂತ ಒಂದು ದೊಡ್ಡ ಬಟನ್ ಇಟ್ಟೆವು.

ಓದುವುದು, ಕೇಳುವುದು, ನೋಡುವುದು: ಮೂರೂ ಪ್ರತಿ ಚೀಟಿಯಲ್ಲಿ ಒಂದೇ ಜಾಗದಲ್ಲಿ ಸಿಗಲಿ. ಆದರೆ ಪರದೆಯಲ್ಲಿರುವ ವಾಕ್ಯವನ್ನೇ ಧ್ವನಿಯೂ ಅಕ್ಷರಶಃ ಓದುತ್ತಾ ವಿಡಿಯೊವೂ ಓಡುತ್ತಿದ್ದರೆ ತಲೆ ಚಿಟ್ಟು ಹಿಡಿಯುತ್ತದೆ. ಚಿತ್ರ ಓಡುವಾಗ ಧ್ವನಿ ಮಾತಾಡಲಿ, ಅಕ್ಷರ ಮೂರು ನಾಲ್ಕು ಪದಕ್ಕೆ ಇಳಿಯಲಿ. ಕಿವಿ ಕೇಳದವರು ಪೂರ್ತಿ ಅಕ್ಷರ ಬೇಕು ಅಂದರೆ ಒಂದು ಬಟನ್ ಒತ್ತಿದರೆ ಬರಲಿ. ಮೊದಲೇ ಪೂರ್ತಿ ಓದಬೇಕು ಅನ್ನುವ ನನ್ನ ಹೆಂಡತಿಯಂಥವರಿಗೆ ಎಲ್ಲ ಹೆಜ್ಜೆಯೂ ಇರುವ ಒಂದು ಪುಟ ಬೇರೆ ಇಡಿ, ಪ್ರಿಂಟ್ ತೆಗೆಯುವ ಹಾಗೆ. ಮೇಷ್ಟ್ರು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ.

ಹೆಜ್ಜೆ 7: ಏಣಿ ಕಟ್ಟಿ, ಆಮೇಲೆ ಆಸರೆ ತೆಗೆಯಿರಿ

ಒಂದೊಂದು ಅಡುಗೆಯೂ ಒಂದೇ ಹೊಸ ವಿದ್ಯೆ ಕಲಿಸಲಿ. ನಮ್ಮ ಏಣಿ: ಒಗ್ಗರಣೆ ಅವಲಕ್ಕಿ (ಸಾಸಿವೆಯ ಕಿವಿ), ಅನ್ನ (ನೀರಿನ ಅಳತೆ, ಕುಕ್ಕರ್), ಚಿತ್ರಾನ್ನ (ಹಿಂದಿನ ಎರಡೂ ಸೇರಿ), ಉಪ್ಪಿಟ್ಟು (ರವೆ ಹುರಿಯುವ ಮೂಗು), ಬೇಳೆ ಸಾರು, ಬಸ್ಸಾರು, ಕೊನೆಗೆ ಮುದ್ದೆ. ಮೈಸೂರು ಪಾಕ್ ಯಾವಾಗ ಅಂತ ಎಲ್ಲರೂ ಕೇಳುತ್ತಾರೆ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ಕೈಯ ತಿಂಡಿ ಅದು. ಪಾಕದ ಹದ ಸ್ವಲ್ಪ ಮೀರಿದರೂ ಕಲ್ಲಾಗುತ್ತದೆ. ಹೊಸಬರ ಆ್ಯಪ್‌ಗೆ ಬೇಡ.

ಮೊದಲ ಸಲ ಚಿತ್ರಾನ್ನಕ್ಕೆ ಹದಿನಾಲ್ಕು ಚೀಟಿ. ಮೂರನೇ ಸಲವೂ ಹದಿನಾಲ್ಕು ತೋರಿಸಿದರೆ ಹುಡುಗರು ಆ್ಯಪ್ ತೆಗೆದುಹಾಕುತ್ತಾರೆ. ಗೊತ್ತಿರುವವನಿಗೆ ಬಿಡಿಸಿ ಬಿಡಿಸಿ ಹೇಳುವುದು ಅಡ್ಡಿಯೇ. ಆದ್ದರಿಂದ ಎರಡನೇ ಸಲ ಏಳು, ಆಮೇಲೆ ಪದಾರ್ಥದ ಪಟ್ಟಿ ಮತ್ತು ಮೂರು ಹದದ ಗುರುತು ಮಾತ್ರ. ‘ಪೂರ್ತಿ ತೋರಿಸು’ ಬಟನ್ ಮಾತ್ರ ಯಾವತ್ತೂ ಇರಲಿ.

ಸುರಕ್ಷತೆಗೆ ರಾಜಿ ಇಲ್ಲ

ಆಸರೆ ತೆಗೆದರೂ ಇವನ್ನು ತೆಗೆಯಬೇಡಿ. ಕುಕ್ಕರ್ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬಬಾರದು. ನೊರೆ ಬರುವ ಬೇಳೆ ಆದರೆ ಅರ್ಧ. ಒತ್ತಡ ತಾನಾಗಿ ಇಳಿಯುವವರೆಗೆ ಮುಚ್ಚಳ ತೆಗೆಯಬಾರದು. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಕರೆ. ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 10ರಿಂದ 20 ನಿಮಿಷ. ಟೂತ್‌ಪೇಸ್ಟ್, ಅರಿಶಿನ ಏನೂ ಬೇಡ. ಇವು ಸಂಬಂಧಪಟ್ಟ ಹೆಜ್ಜೆಯ ಚೀಟಿಯಲ್ಲೇ ಬರಲಿ. ಬೇರೆ ಪುಟದಲ್ಲಿ ಇಟ್ಟರೆ ಯಾರೂ ಓದುವುದಿಲ್ಲ.

ಹೆಜ್ಜೆ 8: ಸಿಗ್ನಲ್ ಇಲ್ಲದ ಊರಿಗೂ ಓಡಲಿ

ಅತ್ತೆಯವರ ಅಡುಗೆಮನೆಯಲ್ಲಿ ಸಿಗ್ನಲ್ ಬರುವುದು ಹಿತ್ತಲ ಬಾಗಿಲ ಹತ್ತಿರ ಮಾತ್ರ. ಆದ್ದರಿಂದ ರೆಸಿಪಿ ಆರಿಸಿದ ಕೂಡಲೇ ಅದರ ಎಲ್ಲವೂ ಫೋನಿಗೆ ಇಳಿಯಲಿ. ಲೆಕ್ಕ ಕಷ್ಟವೇನಲ್ಲ. ಮಾತಿನ ಧ್ವನಿ 24 ಕೆಬಿಪಿಎಸ್ (ಸೆಕೆಂಡಿಗೆ 24 ಕಿಲೋಬಿಟ್; ಎಂಟು ಬಿಟ್ ಸೇರಿ ಒಂದು ಬೈಟ್) ಅಂದರೆ ನಿಮಿಷಕ್ಕೆ 180 ಕೆಬಿ. ವಿಡಿಯೊ 500 ಕೆಬಿಪಿಎಸ್ ಅಂದರೆ ನಿಮಿಷಕ್ಕೆ 3.75 ಎಂಬಿ. ಐದು ಸೆಕೆಂಡಿನ ತುಣುಕು 300 ಕೆಬಿ ಆಸುಪಾಸು. 30 ಕ್ರಿಯಾಪದಗಳು ಸೇರಿ 10 ಎಂಬಿಗಿಂತ ಕಡಿಮೆ. ಸಾಸಿವೆಯ ಸದ್ದಿಗೆ ಮಾತ್ರ ಜಾಸ್ತಿ ಗುಣಮಟ್ಟ ಇಡಿ. ಮಾತಿನ ಧ್ವನಿಯಷ್ಟೇ ಹಿಂಡಿ ಫೈಲನ್ನು ಚಿಕ್ಕದು ಮಾಡಿದರೆ ಅದು ಮಳೆ ಸದ್ದಾಗಿಬಿಡುತ್ತದೆ.

ಹೆಜ್ಜೆ 9: ಬಾಯಿ ಮುಚ್ಚಿಕೊಂಡು ಪರೀಕ್ಷಿಸಿ

ಕೋಡ್ ಬರೆಯುವ ಮೊದಲೇ ಕಾಗದದ ಚೀಟಿಗಳನ್ನು ಗೋಡೆಗೆ ಅಂಟಿಸಿ, ಧ್ವನಿ ತುಣುಕುಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಪರೀಕ್ಷೆ ಮಾಡಬಹುದು. ನಾವು ಮೊದಲ ಮೂರು ಸುತ್ತು ಹಾಗೇ ಮಾಡಿದ್ದು. ಎಷ್ಟು ಜನ ಬೇಕು? ಬಳಕೆಯ ಪರೀಕ್ಷೆಗೆ ಐದು ಜನ ಸಾಕು, ಬೇಕಾದರೆ ಸುತ್ತು ಜಾಸ್ತಿ ಮಾಡಿ ಅಂತ 2000ದಲ್ಲಿ ಬಳಕೆ-ಸುಲಭತೆಯ ತಜ್ಞ ಯಾಕೊಬ್ ನೀಲ್ಸನ್ ಬರೆದದ್ದು ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ಆಫೀಸಿನಲ್ಲಿ ಕೂರಿಸಿ ಕೇಳಬೇಡಿ. ಅವರ ಅಡುಗೆಮನೆಗೇ ಹೋಗಿ, ನಿಜವಾದ ಒಲೆಯ ಮುಂದೆ.

ನಿಯಮ ಒಂದೇ: ಅಪಾಯ ಆಗದ ಹೊರತು ಮಾತಾಡಬಾರದು. ಇದು ಬಹಳ ಕಷ್ಟ. ಅತ್ತೆಯವರನ್ನು ಒಂದು ಸಲ ಕರೆದುಕೊಂಡು ಹೋಗಿ ತಪ್ಪು ಮಾಡಿದೆ. ಎರಡನೇ ಚೀಟಿಗೇ “ಉರಿ ಸಣ್ಣ ಮಾಡೋ” ಅಂತ ಕೂಗಿದರು. ನೀವು ಬರೆದುಕೊಳ್ಳಬೇಕಾದದ್ದು ಮೂರು: ಯಾವ ಚೀಟಿಯಲ್ಲಿ ಕೈ ನಿಂತಿತು, ಎಲ್ಲಿ ಹಿಂದಕ್ಕೆ ಹೋದರು, ಯಾವ ಗುರುತಿಗೆ ಫೋನ್ ಬಿಟ್ಟು ಪಾತ್ರೆ ನೋಡಿದರು. “ಆ್ಯಪ್ ಇಷ್ಟವಾಯಿತಾ?” ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ, ಮನೆಗೆ ಬಂದವರಿಗೆ ಬೇಸರ ಯಾಕೆ ಅಂತ.

ಮೂರನೇ ಸುತ್ತಿನಲ್ಲಿ ಅಕ್ಕನ ಮಗ ಮುದ್ದೆಯ ನಾಲ್ಕನೇ ಚೀಟಿಯವರೆಗೆ ಫೋನ್ ನೋಡಿದ. ಅಲ್ಲಿಂದ ಮುಂದೆ ಪರದೆ ಹಾಗೇ ಬೆಳಗುತ್ತಿತ್ತು, ಅವನು ಕೋಲು ಹಿಡಿದು ಪಾತ್ರೆಯೊಳಗೇ ಬಗ್ಗಿದ್ದ. ನಾನು ಐದು ಮತ್ತು ಆರನೇ ಚೀಟಿಯ ಪಕ್ಕದಲ್ಲಿ ‘ಎರಡನೇ ಸಲಕ್ಕೆ ತೆಗೆಯಬಹುದು’ ಅಂತ ಬರೆದುಕೊಂಡೆ. ಒದ್ದೆ ಬೆರಳಿನ ಚೀಟಿಯನ್ನು ಮಾತ್ರ ಉಳಿಸಿದೆ. ಅವನು ಮರೆತು ಒಣ ಬೆರಳಲ್ಲೇ ಮುಟ್ಟಿ ಕೈ ಸುಟ್ಟುಕೊಂಡಿದ್ದ.